ಎರಡನೆಯ ಹೊಳೆ

ಬುಧವಾರ. ದೇರಳಕಟ್ಟೆ, ನಾಲ್ಕನೇ ಮಾಳಿಗೆ.
ಮಂಜುಗಡ್ಡೆಯ ಮೇಲಿನ ತಟ್ಟೆಯಲ್ಲಿ
ದೂಮಣ್ಣನ ತೊಡೆಯ ಒಂದು ಚೂರು,
ಎಳ್ಳಿನಷ್ಟು; ಹೆಚ್ಚೆಂದರೆ ಎರಡು ಎಳ್ಳು.
ಸೂಜಿಮೊನೆಯಲ್ಲಿ ಎಳೆ ಎಳೆ ಬಿಡಿಸುತ್ತೇನೆ,
ಸಿಕ್ಕಾದ ಬಲೆ ಬಿಡಿಸಿದ ಹಾಗೆ.
ಮೂವತ್ತು ವರ್ಷ ಬಲೆ ಎಳೆದ ಮಾಂಸ ಇದು.
ಈಗ ಆರು ಮೆಟ್ಟಿಲು ಹತ್ತಿದರೆ
ಏಳನೆಯದರ ಮೇಲೆ ಕೂತುಬಿಡುತ್ತದೆ.

"ಎಂತ ಉಂಟು ಮೇಡಂ ಅದರೊಳಗೆ?"
ಹತ್ತಿ ಒತ್ತಿಕೊಂಡು ಕೇಳಿದ್ದರು, ಮುಖ ಆಚೆ ತಿರುಗಿಸಿ.
ಉಸಿರು ಉಂಟು, ಎಂದೆ.
"ಉಸಿರು ಮೂಗಿನಲ್ಲಿ ಅಲ್ವಾ ಮಾರಾಯ್ರೆ!"

ಗಾಜಿನ ಗೂಡು. ಮೈಬಿಸಿಯ ನೀರು. ತಿರುಗುವ ಕಡ್ಡಿ.
ಆಮ್ಲಜನಕ ಖರ್ಚಾದಂತೆಲ್ಲ
ಪರದೆಯ ಮೇಲೆ ಏರುವ ಒಂದು ಕೆಂಪು ಗೆರೆ.
ಪೈರುವೇಟು ಕೊಟ್ಟೆ, ಮ್ಯಾಲೇಟು ಕೊಟ್ಟೆ,
ದುಡಿ ಎಂದು ಎಡಿಪಿ ಕೊಟ್ಟೆ.
ಗೆರೆ ಎದ್ದಿತು. ಎದ್ದು,
ಮೊಣಕಾಲಿಗೆ ಕೈಯೂರಿ ನಿಂತಿತು.
ನಲವತ್ತೊಂದು.
ಪಟ್ಟಿಯ ಪ್ರಕಾರ ಇದಕ್ಕೆ ಒಂದೇ ಪದ: "ಕಡಿಮೆ".
ಬರೆದೆ, ಪೆನ್ಸಿಲಿನಲ್ಲಿ.
ಪೆನ್ನು ಅವತ್ತು ಯಾರೋ ಕೊಂಡುಹೋಗಿದ್ದರು.

ನಾನು ಬೆಂಗರೆಯವಳು.
ಶಾಲೆಗೆ ದಿನಾ ದೋಣಿ, ಚುಕ್ಕಾಣಿಯಲ್ಲಿ ಇದ್ದಿನಬ್ಬ.
ತುಂಬೆಯಲ್ಲಿ ಕದ ಹಾಕಿದ ಒಂದು ಬೇಸಗೆ
ಅಳಿವೆ ಬಾಗಿಲಲ್ಲಿ ನೀರಿಲ್ಲ ಅಂತೆ, ಎಂದೆ.
ಅವರು ಬೀಡಿ ಕಿವಿಗೆ ಸಿಕ್ಕಿಸಿಕೊಂಡರು.
"ನೇತ್ರಾವತಿ ಒಂದನ್ನೇ ನೋಡಿ ಹೇಳಬೇಡ ಮಗಾ.
ಗುರುಪುರದ ಹೊಳೆ ಇನ್ನೂ ಬಂದು ಮುಗಿದಿಲ್ಲ."

ಹಾಗೆಂದು ನೆನಪಾಗಿ ಮಾಡಿದ್ದಲ್ಲ.
ಹೊಸ ಕ್ರಮದಲ್ಲಿ ಮುಂದಿನ ಸಾಲು ಅದೇ ಇತ್ತು:
ಸಕ್ಸಿನೇಟು.
ಅದು ಮೊದಲ ಬಾಗಿಲಿಗೆ ಬರುವುದೇ ಇಲ್ಲ.
ಬೇರೆ ದಡ, ಬೇರೆ ಮೆಟ್ಟಿಲು.
ಆ ಕಡೆಯ ಎಲೆಕ್ಟ್ರಾನು, ಈ ಕಡೆಯ ಎಲೆಕ್ಟ್ರಾನು
ಕೂಡುವುದು ಕ್ಯೂ ಎಂಬ ಕಡವಿನಲ್ಲಿ.
ಎಣ್ಣೆಯಂಥ ಪೊರೆಯೊಳಗೆ ಅತ್ತಿತ್ತ ಹೋಗುವ ಪುಟ್ಟ ದೋಣಿ;
ಒಂದು ಸಲಕ್ಕೆ ಎರಡೇ ಜನ.
ಅಲ್ಲಿಂದ ಮುಂದೆ ಎಲ್ಲರಿಗೂ ಒಂದೇ ದಾರಿ.

ಗೆರೆ ಕೈ ಬಿಟ್ಟು ನೆಟ್ಟಗಾಯಿತು.
ಐವತ್ತು. ಅರವತ್ತು.
ನಾನು ಸ್ಟೂಲಿನಿಂದ ಎದ್ದಿದ್ದೆ.
ಎಪ್ಪತ್ತು.

ಆಮೇಲೆ ರೋಟಿನೋನ್,
ಮೀನು ತೇಲಿಸುವ ಬೇರಿನ ವಿಷ,
ಮೊದಲ ಬಾಗಿಲನ್ನಷ್ಟೇ ಮುಚ್ಚಲಿಕ್ಕೆ.
ಎರಡನೆಯ ಹೊಳೆ ಒಂದೇ ಹರಿದಾಗ ಮೂವತ್ತೆಂಟು.
ನಲವತ್ತೊಂದಕ್ಕೆ ಮೂವತ್ತೆಂಟು ಸೇರಿದರೆ ಎಪ್ಪತ್ತೊಂಬತ್ತು.
ಒಂಬತ್ತು ಎಲ್ಲಿ ಹೋಯಿತು?
ಎಲ್ಲೂ ಹೋಗಿಲ್ಲ; ಅಳಿವೆಯ ಅಗಲ ಅಷ್ಟೇ.

ಅಲ್ಲ, ಯೋಚಿಸಿದರೆ ನಾಚಿಕೆ.
ಬರೀ ಗಂಜಿ ಬಡಿಸಿ
ಇಷ್ಟೇ ಉಣ್ಣುವವ ಎಂದು ಬರೆದುಕೊಂಡ ಹಾಗೆ,
ಬಂಗುಡೆ ಇನ್ನೂ ಕಾವಲಿಯಲ್ಲಿರುವಾಗ.
ಯಾವ ಮೈ ಒಂದೇ ಒಂದನ್ನು ಸುಟ್ಟು ಬದುಕಿದೆ?

ಹಾಗಾದರೆ ದೂಮಣ್ಣನ ಸುಸ್ತು ಎಲ್ಲಿಂದ?
ಗೊತ್ತಿಲ್ಲ. ಇಲ್ಲಿಂದಲ್ಲ ಎಂಬಷ್ಟು ಗೊತ್ತು.
ಸಂಜೆ ಫೋನಿನಲ್ಲಿ ಅದನ್ನೇ ಹೇಳಿದೆ.
ಸ್ವಲ್ಪ ಹೊತ್ತು ಸುಮ್ಮನಿದ್ದರು.
ಹಿಂದೆ ಧಕ್ಕೆಯ ಗಲಾಟೆ, ಯಾರೋ ಮಂಜು ಒಡೆಯುವ ಸದ್ದು.
"ಹಾಗಾದರೆ ಇನ್ನೂ ಹುಡುಕಬೇಕಾ?"
ಹೌದು, ಎಂದೆ.

ಗೂಡು ತೊಳೆಯುವ ಹೊತ್ತು.
ಖರ್ಚಾದ ಆಮ್ಲಜನಕವೆಲ್ಲ ಒಳಗೆ ನೀರಾಗಿದೆ,
ಕಣ್ಣಿಗೆ ಕಾಣದಷ್ಟು, ದೂಮಣ್ಣ ಮಾಡಿದ ನೀರು.
ವಿಷ ಸೇರಿದ್ದರಿಂದ ತೊಟ್ಟಿಗೆ ಚೆಲ್ಲುವಂತಿಲ್ಲ,
ಚೀಟಿ ಅಂಟಿಸಿದ ಬಾಟಲಿಗೆ ಸುರಿದು ಬಿರಡೆ ತಿರುಗಿಸಿದೆ.
ಅದು ಸಮುದ್ರ ಸೇರುವುದಿಲ್ಲ.

ರಬ್ಬರಿನಿಂದ "ಕಡಿಮೆ" ಅಳಿಸಿದೆ.
ಪುಟ ತಿರುವಿದೆ, ಹಿಂದಕ್ಕೆ.
ಹನ್ನೊಂದು ಹೆಸರು. ಹನ್ನೊಂದು ಸಲ ಅದೇ ಪದ,
ನನ್ನದೇ ದುಂಡು ಅಕ್ಷರ.
ಆ ಚೂರುಗಳು ಯಾವುವೂ ಉಳಿದಿಲ್ಲ.
ಅವನ್ನು ನಾನು ಶಾಯಿಯಲ್ಲಿ ಬರೆದಿದ್ದೆ.